ಬುದ್ಧಿವಂತ ಮಗುವಿನ ಬರವಣಿಗೆ ಮತ್ತು ಕಾಗುಣಿತದ ತೊಡಕುಗಳು

ತರಗತಿಯಲ್ಲಿ ಕೇಳಿದ ಪ್ರಶ್ನೆಗೆ ಒಡನೆಯೇ ಸರಿಯುತ್ತರ ಹೇಳಬಲ್ಲ ಮಗು ಅದೇ ಉತ್ತರವನ್ನು ಬರೆಯಬೇಕಾದಾಗ ಎಡವುವುದುಂಟು. ಸಾಲು ಡೊಂಕಾಗುತ್ತದೆ, ಅಕ್ಷರಗಳ ಗಾತ್ರ ಒಂದೇ ಸಮನಾಗಿರುವುದಿಲ್ಲ, ಒಂದೇ ಪದ ಒಂದೇ ಪುಟದಲ್ಲಿ ಮೂರು ರೂಪಗಳನ್ನು ತಾಳುತ್ತದೆ. ಇಂತಹ ಮಗುವನ್ನು ಸೋಮಾರಿಯೆಂದು ಕರೆಯುವುದು ಸುಲಭ. ಆ ತೀರ್ಮಾನ ಏಕೆ ಸಲ್ಲದೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸುತ್ತೇವೆ.

ಈ ಸಮಸ್ಯೆ ಹೊಸತಲ್ಲ. ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯರು 1896ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ ಪತ್ರಿಕೆಯಲ್ಲಿ 14 ವರ್ಷದ ಹುಡುಗನೊಬ್ಬನ ವೃತ್ತಾಂತವನ್ನು ಪ್ರಕಟಿಸಿದರು. ಆತ ಆಟದಲ್ಲಿ ಚುರುಕು, ಲೆಕ್ಕದಲ್ಲಿ ಸಮರ್ಥ. ಆದರೆ ಓದು ಮತ್ತು ಕಾಗುಣಿತ ಅವನಿಗೆ ಒಲಿಯಲಿಲ್ಲ. ತನ್ನ ಹೆಸರನ್ನು ಬರೆಯುವಾಗಲೂ ಅಕ್ಷರಗಳನ್ನು ಹಿಂದುಮುಂದಾಗಿಸುತ್ತಿದ್ದನು. ಬುದ್ಧಿಶಕ್ತಿಯೂ ಲಿಪಿಯನ್ನು ಗ್ರಹಿಸುವ ಶಕ್ತಿಯೂ ಒಂದೇ ಅಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಬರೆಯುವಾಗ ಮನಸ್ಸು ಹಲವು ಕೆಲಸಗಳನ್ನು ಏಕಕಾಲದಲ್ಲಿ ನಡೆಸಬೇಕಾಗುತ್ತದೆ. ಪದದ ಧ್ವನಿಗಳನ್ನು ಬಿಡಿಸಬೇಕು, ತಕ್ಕ ಅಕ್ಷರವನ್ನು ನೆನೆಯಬೇಕು, ಅದರ ಆಕಾರಕ್ಕೆ ಕೈಯನ್ನು ನಡೆಸಬೇಕು, ಜೊತೆಗೆ ವಾಕ್ಯದ ಅರ್ಥವನ್ನೂ ಹಿಡಿದಿಟ್ಟುಕೊಳ್ಳಬೇಕು. ಅಕ್ಷರರಚನೆ ಅಭ್ಯಾಸಬಲದಿಂದ ತಾನಾಗಿ ನಡೆಯದಿದ್ದರೆ ಗಮನವೆಲ್ಲ ಅದರಲ್ಲಿಯೇ ವ್ಯಯವಾಗಿ, ಕಾಗುಣಿತಕ್ಕೂ ವಿಚಾರಕ್ಕೂ ಉಳಿಯುವುದು ಅತ್ಯಲ್ಪ.

ಉಚ್ಚಾರಣೆಯನ್ನು ಬಹುಮಟ್ಟಿಗೆ ಅನುಸರಿಸುವ ಕನ್ನಡ ಲಿಪಿಯಲ್ಲಿ ಈ ತೊಡಕಿಲ್ಲವೆಂದು ಭಾವಿಸಲಾಗದು. ಹ್ರಸ್ವ-ದೀರ್ಘಗಳ ಭೇದ, ಆಡುಮಾತಿನಲ್ಲಿ ಅನೇಕರ ಬಾಯಲ್ಲಿ ಅಳಿದುಹೋಗುವ ಮಹಾಪ್ರಾಣ, ಸಾಲಿನ ಕೆಳಗಿಳಿಯುವ ಒತ್ತಕ್ಷರ, ಇವೆಲ್ಲ ಮಗುವಿಗೆ ಭಾರವೇ ಸರಿ. ‘ಸೂರ್ಯ’ ಎಂಬಲ್ಲಿ ಮೊದಲು ಕೇಳಿಬರುವ ರಕಾರದ ಚಿಹ್ನೆಯನ್ನು ಯಕಾರದ ತರುವಾಯ ಬರೆಯುತ್ತೇವೆ. ಕಿವಿಯ ಕ್ರಮ ಒಂದು, ಕೈಯ ಕ್ರಮ ಇನ್ನೊಂದು.

ಚುರುಕಾದ ಮಗುವಿನಲ್ಲಿ ತೊಡಕು ಬೇಗನೆ ಗೋಚರವಾಗದಿರಲೂ ಬಹುದು. ಮೊದಲ ತರಗತಿಗಳ ಪಾಠವನ್ನು ಅದು ನೆನಪಿನ ಬಲದಿಂದಲೇ ದಾಟಿಬಿಡುತ್ತದೆ; ಬರವಣಿಗೆ ಹೆಚ್ಚಿದಂತೆ ಕುಸಿಯುತ್ತದೆ. ಆಗ ಹಿರಿಯರು ‘ಮನಸ್ಸಿಟ್ಟರೆ ಬರೆಯಬಲ್ಲೆ’ ಎನ್ನುತ್ತಾರೆ. ಮನಸ್ಸಿಟ್ಟೂ ಬರೆಯಲಾಗದ ಮಗು ಕ್ರಮೇಣ ತನ್ನ ಬುದ್ಧಿಯನ್ನೇ ಶಂಕಿಸತೊಡಗುತ್ತದೆ. ಕಾಗುಣಿತದ ತಪ್ಪಿಗಿಂತ ಈ ಹಾನಿ ದೊಡ್ಡದು.

ಹಾಗಾದರೆ ಅಧ್ಯಾಪಕರು ಮಾಡಬೇಕಾದುದೇನು? ಮೊದಲು ಕಣ್ಣು, ಕಿವಿಗಳ ದೋಷವಿಲ್ಲವೆಂಬುದನ್ನೂ, ಕಲಿಕೆಗೆ ತಕ್ಕ ಅವಕಾಶ ದೊರೆತಿದೆಯೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು; ಬಳಿಕ ತಜ್ಞರಿಂದ ಪರೀಕ್ಷೆ ಮಾಡಿಸಬೇಕು. ತಪ್ಪಿದ ಪದವನ್ನು ನೂರು ಬಾರಿ ಬರೆಸುವ ಶಿಕ್ಷೆ ನಿಷ್ಪ್ರಯೋಜಕ. ದಣಿದ ಕೈ ತಪ್ಪನ್ನೇ ರೂಢಿಸಿಕೊಳ್ಳಬಹುದು. ಧ್ವನಿಗೂ ಅಕ್ಷರಕ್ಕೂ ಇರುವ ಸಂಬಂಧವನ್ನು ಕ್ರಮವಾಗಿ ಕಲಿಸುವ, ದಿನವೂ ಸ್ವಲ್ಪಕಾಲ ನಡೆಯುವ ಅಭ್ಯಾಸ ಮೇಲು. ವಿಷಯಜ್ಞಾನವನ್ನು ಅಳೆಯುವಾಗ ಮೌಖಿಕ ಉತ್ತರಕ್ಕೂ ಹೆಚ್ಚಿನ ಸಮಯಕ್ಕೂ ಅವಕಾಶವಿರಲಿ. ಭಾರತದ 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು ಡಿಸ್‌ಲೆಕ್ಸಿಯಾ, ಡಿಸ್‌ಗ್ರಾಫಿಯಾಗಳನ್ನು ನಿರ್ದಿಷ್ಟ ಕಲಿಕಾ ನ್ಯೂನತೆಗಳಲ್ಲಿ ಎಣಿಸಿರುವುದರಿಂದ, ಇಂತಹ ಸೌಲಭ್ಯವನ್ನು ಕೇವಲ ದಾಕ್ಷಿಣ್ಯವೆಂದು ತಿಳಿಯಲಾಗದು.

ಮಗು ಏನನ್ನು ಬಲ್ಲದು ಎಂಬುದು ಒಂದು ಪ್ರಶ್ನೆ. ಅದನ್ನು ಹೇಗೆ ಬರೆಯುತ್ತದೆ ಎಂಬುದು ಮತ್ತೊಂದು. ಇವೆರಡನ್ನೂ ಬೇರೆಬೇರೆಯಾಗಿ ಪರಿಶೀಲಿಸುವುದೇ ನ್ಯಾಯವಾದ ಬೋಧನೆಗೆ ಮೊದಲ ಮೆಟ್ಟಿಲೆಂದು ನಾವು ಭಾವಿಸುತ್ತೇವೆ.