ಕಿಡಿ ಯಾವಾಗ ಹಾರಬೇಕು? ಹಳೇ ಷೆವರ್ಲೆ ವಿ8ಗೆ ಟೈಮಿಂಗ್ ಕೂರಿಸೋ ಬಗೆ

ಈ ಸಂಚಿಕೆಯಲ್ಲಿ ಒಂದೇ ಎಂಜಿನ್, ಒಂದೇ ಕೆಲಸ. ಎಂಜಿನ್ ಅಂದ್ರೆ ಷೆವರ್ಲೆಯ ಸ್ಮಾಲ್ ಬ್ಲಾಕ್ ವಿ8. ಇದು ಬಂದಿದ್ದು 1955ರಲ್ಲಿ. ಇದರ 350 ಕ್ಯೂಬಿಕ್ ಇಂಚಿನ ರೂಪ, ನಮ್ಮ ಲೆಕ್ಕದಲ್ಲಿ 5.7 ಲೀಟರ್, 1967ರ ಮಾಡೆಲ್‌ನ ಕಮಾರೋ ಕಾರಿನಲ್ಲಿ ಬಂತು. ಕೆಲಸ ಅಂದ್ರೆ ಇಗ್ನಿಷನ್ ಟೈಮಿಂಗ್ ಕೂರಿಸೋದು. ರೀಲ್ಸ್‌ನಲ್ಲಿ ಇದು ಇಪ್ಪತ್ತು ಸೆಕೆಂಡಿನ ಕೆಲಸ: ಡಿಸ್ಟ್ರಿಬ್ಯೂಟರ್ ಹಿಡಿದು ತಿರುಗಿಸು, ಸೌಂಡ್ ಚೆನ್ನಾಗಿ ಬಂದ ಕಡೆ ಬೋಲ್ಟ್ ಬಿಗಿ ಮಾಡು, ಮುಗೀತು. ಹಾಗೆ ಕಿವಿ ನಂಬಿ ಕೂರಿಸಿದ ಟೈಮಿಂಗ್ ಐಡಲ್‌ನಲ್ಲಿ ಚೆನ್ನಾಗೇ ಇರತ್ತೆ. ಆದ್ರೆ ಪಿಸ್ಟನ್ ಒಡೆಯೋದು ಐಡಲ್‌ನಲ್ಲಿ ಅಲ್ಲ, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ.

ಒಂದು ಸಣ್ಣ ವಿಷಯ ಹೇಳಿ ಮುಂದಕ್ಕೆ ಹೋಗ್ತೀನಿ. ನಮ್ಮೂರ ಗ್ಯಾರೇಜುಗಳಲ್ಲಿ ಹಳಬರು ಡಿಸ್ಟ್ರಿಬ್ಯೂಟರ್‌ಗೆ ‘ಡೆಲ್ಕೋ’ ಅಂತಾರೆ, ಕೇಳಿರ್ತೀರಿ. ಅದು ಭಾಗದ ಹೆಸರಲ್ಲ, ಕಂಪನಿ ಹೆಸರು. ಚಾರ್ಲ್ಸ್ ಕೆಟರಿಂಗ್ ಮತ್ತು ಎಡ್ವರ್ಡ್ ಡೀಡ್ಸ್ ಅಮೆರಿಕದ ಡೇಟನ್‌ನಲ್ಲಿ 1909ರಲ್ಲಿ ಕಟ್ಟಿದ ಕಂಪನಿ ಅದು. ಷೆವರ್ಲೆಯ ಡಿಸ್ಟ್ರಿಬ್ಯೂಟರ್ ಕೂಡ ಅದೇ ಮನೆತನದ್ದು. ಹಾಗಾಗಿ ಈ ಎಂಜಿನ್ ಮುಂದೆ ನಿಂತು ಡೆಲ್ಕೋ ಅಂದ್ರೆ ಅಕ್ಷರಶಃ ಸರಿ.

ಈಗ ಮೂಲ ಪ್ರಶ್ನೆ. ಪಿಸ್ಟನ್ ಮೇಲಿನ ತುದಿ ಮುಟ್ಟೋಕೆ ಮೊದಲೇ ಪ್ಲಗ್‌ನಲ್ಲಿ ಕಿಡಿ ಹಾರಬೇಕು. ಯಾಕೆ? ಪೆಟ್ರೋಲ್ ಮಿಶ್ರಣ ಢಂ ಅಂತ ಸಿಡಿಯಲ್ಲ, ಪ್ಲಗ್‌ನಿಂದ ಶುರುವಾಗಿ ಉರೀತಾ ಹೋಗತ್ತೆ. ಹಾಗೆ ಉರಿಯೋಕೆ ಒಂದೆರಡು ಮಿಲಿಸೆಕೆಂಡ್ ಬೇಕು. ಕಡಿಮೆ ಅನ್ಸತ್ತೆ ಅಲ್ವಾ? ಲೆಕ್ಕ ಹಾಕಿ. 3000 ಆರ್‌ಪಿಎಂ ಅಂದ್ರೆ ಸೆಕೆಂಡಿಗೆ 50 ಸುತ್ತು, ಅಂದ್ರೆ 18,000 ಡಿಗ್ರಿ. ಒಂದು ಮಿಲಿಸೆಕೆಂಡಲ್ಲಿ ಕ್ರ್ಯಾಂಕ್ 18 ಡಿಗ್ರಿ ತಿರುಗಿಬಿಡತ್ತೆ. ಒತ್ತಡ ಪಿಸ್ಟನ್ ಕೆಳಗೆ ಹೊರಟ ಸ್ವಲ್ಪ ಹೊತ್ತಿಗೇ ಗರಿಷ್ಠಕ್ಕೆ ಏರಬೇಕು ಅಂದ್ರೆ, ಕಿಡಿ ತುಂಬಾ ಮೊದಲೇ ಹಾರಿರಬೇಕು. ಐಡಲ್‌ನಲ್ಲಿ ಅಷ್ಟು ಅವಸರ ಇಲ್ಲ, ಹತ್ತು-ಹನ್ನೆರಡು ಡಿಗ್ರಿ ಸಾಕು. ಸ್ಪೀಡ್ ಏರಿದಂಗೆ ಡೆಲ್ಕೋ ಒಳಗಿನ ಎರಡು ತೂಕದ ತುಂಡುಗಳು ಸ್ಪ್ರಿಂಗ್ ಎಳ್ಕೊಂಡು ಹೊರಗೆ ಸರಿದು ಕಿಡಿಯನ್ನ ಮುಂದಕ್ಕೆ ತರ್ತಾವೆ. ಸುಮಾರು 3000ಕ್ಕೆ ಅವುಗಳ ಓಟ ಮುಗಿಯತ್ತೆ. ಅದಕ್ಕಿಂತ ಮೇಲೆ ಸಿಲಿಂಡರ್ ಒಳಗಿನ ಗಾಳಿಯ ಸುಳಿಯೇ ಉರಿಯನ್ನ ಬೇಗ ಹಬ್ಬಿಸತ್ತೆ, ಇನ್ನಷ್ಟು ಅಡ್ವಾನ್ಸ್ ಬೇಕಾಗಲ್ಲ.

ಹಳೇ ಕಬ್ಬಿಣದ ಹೆಡ್ ಇರೋ 350ಕ್ಕೆ ಆ ಒಟ್ಟು ಮೊತ್ತ ಸಾಮಾನ್ಯವಾಗಿ 34ರಿಂದ 36 ಡಿಗ್ರಿ. ಆಮೇಲೆ ಬಂದ ವೋರ್ಟೆಕ್ ಥರದ ಹೆಡ್‌ಗಳಲ್ಲಿ ಮಿಶ್ರಣ ಬೇಗ ಉರಿಯತ್ತೆ, 32ರ ಆಸುಪಾಸು ಸಾಕು. ನನ್ನ ಅಭಿಪ್ರಾಯ ಕೇಳಿದ್ರೆ, ಈ ಒಟ್ಟು ಮೊತ್ತವನ್ನೇ ಕೂರಿಸಿ, ಐಡಲ್ ಎಷ್ಟಕ್ಕೆ ಬಂದು ನಿಲ್ಲತ್ತೋ ಆಮೇಲೆ ನೋಡಿ. ಐವತ್ತು ವರ್ಷದ ಡೆಲ್ಕೋ ಒಳಗೆ ಯಾರು ಯಾವ ಸ್ಪ್ರಿಂಗ್ ಹಾಕಿದ್ದಾರೋ ಯಾರಿಗೆ ಗೊತ್ತು? ಐಡಲ್‌ನಲ್ಲಿ 12 ಕೂರಿಸಿ ಖುಷಿಪಟ್ರಿ ಅನ್ಕೊಳ್ಳಿ. ಒಳಗಿನ ತೂಕಗಳು 24ರ ಬದಲು 30 ಸೇರಿಸಿದ್ರೆ ಒಟ್ಟು 42. ಪೂರ್ತಿ ಲೋಡ್‌ನಲ್ಲಿ ಅದು ನಾಕಿಂಗ್‌ಗೆ ಆಹ್ವಾನ.

ಆದ್ರೆ ಅಳೆಯೋಕೆ ಮೊದಲು, ಅಳತೆಗೋಲು ಸುಳ್ಳು ಹೇಳ್ತಿಲ್ಲ ತಾನೇ ಅಂತ ನೋಡ್ಬೇಕು. ಇಲ್ಲೇ ಬಹಳ ಜನ ಎಡವೋದು. ಕ್ರ್ಯಾಂಕ್ ಮುಂದಿನ ಬ್ಯಾಲೆನ್ಸರ್ ಮೇಲೆ ಒಂದು ಗೀಟು ಇದೆ, ಪಕ್ಕದಲ್ಲಿ ಎಂಜಿನ್‌ಗೆ ಅಂಟಿದ ಒಂದು ತಗಡಿನ ಸ್ಕೇಲ್. ಬ್ಯಾಲೆನ್ಸರ್‌ನ ಹೊರ ಉಂಗುರ ಒಳಗಿನ ಗುಂಬಕ್ಕೆ ಅಂಟಿರೋದು ರಬ್ಬರ್‌ನಿಂದ. ರಬ್ಬರ್ ಹಳೇದಾದ್ರೆ ಉಂಗುರ ಜಾರತ್ತೆ, ಗೀಟೂ ಜೊತೆಗೆ ಜಾರತ್ತೆ. ಇನ್ನೊಂದು, ಷೆವರ್ಲೆ ಈ ಸ್ಕೇಲಿನ ಜಾಗವನ್ನ ಕಾಲಕಾಲಕ್ಕೆ ಬದಲಿಸಿದೆ. ಒಂದು ಎಂಜಿನ್‌ನ ಬ್ಯಾಲೆನ್ಸರ್‌ಗೆ ಇನ್ನೊಂದರ ಮುಂದಿನ ಕವರ್ ಜೋಡಿಸಿದ್ರೆ ಸೊನ್ನೆ ಸೊನ್ನೆಯಾಗಿ ಇರಲ್ಲ.

ಪರೀಕ್ಷೆ ಸುಲಭ. ಬ್ಯಾಟರಿ ವೈರ್ ಬಿಚ್ಚಿ, ಎಲ್ಲಾ ಪ್ಲಗ್ ತೆಗೀರಿ. ಒಂದನೇ ಸಿಲಿಂಡರ್, ಅಂದ್ರೆ ಅಮೆರಿಕನ್ ಡ್ರೈವರ್ ಕೂರೋ ಎಡಗಡೆ ಸಾಲಿನಲ್ಲಿ ಎಲ್ಲಕ್ಕಿಂತ ಮುಂದಿನದು, ಅದರ ಪ್ಲಗ್ ರಂಧ್ರಕ್ಕೆ ಪಿಸ್ಟನ್ ಸ್ಟಾಪ್ ಹಾಕಿ. ಸ್ಪ್ಯಾನರ್‌ನಿಂದ ಕ್ರ್ಯಾಂಕನ್ನ ಮೆಲ್ಲಗೆ ತಿರುಗಿಸಿ, ಪಿಸ್ಟನ್ ತಾಗಿದ ಕಡೆ ಬ್ಯಾಲೆನ್ಸರ್ ಮೇಲೆ ಗುರುತು. ಹಿಂದಕ್ಕೆ ತಿರುಗಿಸಿ, ಮತ್ತೆ ತಾಗಿದ ಕಡೆ ಇನ್ನೊಂದು ಗುರುತು. ಎರಡರ ಸರಿಮಧ್ಯವೇ ನಿಜವಾದ ಮೇಲ್ತುದಿ. ಸ್ಟಾರ್ಟರ್ ಮಾತ್ರ ಮುಟ್ಟಬೇಡಿ, ಪಿಸ್ಟನ್ ತೂತಾಗತ್ತೆ. ಆಮೇಲೆ ಸ್ಟಾಪ್ ತೆಗೆದು, ಆ ಮಧ್ಯದ ಗುರುತನ್ನ ಸ್ಕೇಲಿನ ಸೊನ್ನೆಗೆ ತಂದು ನೋಡಿ. ಮೂಲ ಗೀಟು ಅಲ್ಲೇ ಇದ್ರೆ ಅದೃಷ್ಟ. ಇಲ್ಲದಿದ್ರೆ ಹೊಸ ಗುರುತನ್ನೇ ನಂಬಿ. ಉಂಗುರವೇ ಜಾರಿದ್ರೆ ಬ್ಯಾಲೆನ್ಸರ್ ಬದಲಿಸಿ, ನಾಳೆ ಇನ್ನೂ ಜಾರತ್ತೆ.

ಈಗ 36 ಡಿಗ್ರಿ ಗುರುತು ಹಾಕ್ಬೇಕು. ಒಂದು ಸುತ್ತಿನ ಹತ್ತನೇ ಒಂದು ಭಾಗ ಅದು. ಎಂಟು ಇಂಚಿನ ಬ್ಯಾಲೆನ್ಸರ್ ಆದ್ರೆ ಸುತ್ತಳತೆ ಸುಮಾರು 638 ಮಿಲಿಮೀಟರ್. ಸೊನ್ನೆ ಗೀಟಿನಿಂದ, ಎಂಜಿನ್ ಎದುರು ನಿಂತು ನೋಡಿದಂತೆ ಗಡಿಯಾರದ ಮುಳ್ಳು ಹೋಗೋ ದಿಕ್ಕಿಗೆ, 64 ಮಿಲಿಮೀಟರ್ ಅಳೆದು ಬಿಳಿ ಬಣ್ಣದ ಗೀಟು ಎಳೀರಿ. ಟೇಲರ್ ಟೇಪ್ ಸಾಕು.

ಪಾಯಿಂಟ್ ಇರೋ ಡೆಲ್ಕೋ ಆದ್ರೆ ಮೊದಲು ಪಾಯಿಂಟ್ ಗ್ಯಾಪ್ ಸರಿ ಮಾಡಿ. ಗ್ಯಾಪ್ ಬದಲಾದ್ರೆ ಟೈಮಿಂಗೂ ಬದಲಾಗತ್ತೆ, ಕ್ರಮ ತಿರುಗುಮುರುಗಾದ್ರೆ ಎರಡೆರಡು ಸಲ ಕೆಲಸ. ಎಂಜಿನ್ ಬಿಸಿ ಮಾಡಿ, ವ್ಯಾಕ್ಯೂಮ್ ಪೈಪ್ ಕಳಚಿ ಅದರ ಬಾಯಿ ಮುಚ್ಚಿ. ಟೈಮಿಂಗ್ ಲೈಟಿನ ಕ್ಲಿಪ್ಪನ್ನ ಒಂದನೇ ಪ್ಲಗ್ ವೈರ್‌ಗೆ ಹಾಕಿ. ಫ್ಯಾನ್, ಬೆಲ್ಟ್ ಹತ್ರ ಸಡಿಲ ಬಟ್ಟೆ, ಇಯರ್‌ಫೋನ್ ವೈರ್ ಬೇಡ. ಹೌದು, ನನ್ನ ಮಾತು ಕೇಳ್ತಾ ಈ ಕೆಲಸ ಮಾಡಬೇಡಿ!

ಹಿಂದೆ ಫೈರ್‌ವಾಲ್ ಹತ್ರ ಇರೋ ಡೆಲ್ಕೋ ಬೋಲ್ಟ್ ಅರ್ಧ ಸಡಿಲಿಸಿ. ಒಬ್ಬರು ಆಕ್ಸಿಲರೇಟರ್ ಏರಿಸ್ತಾ ಹೋಗಲಿ. ಗುರುತು ಸರಿಯೋದು ನಿಂತ ಕಡೆ, ಸುಮಾರು 3000ದಲ್ಲಿ, ಹಿಡ್ಕೊಳ್ಳಲಿ. ಬಿಳಿ ಗೀಟು ಸ್ಕೇಲಿನ ಸೊನ್ನೆಗೆ ಬರೋವರೆಗೆ ಡೆಲ್ಕೋ ತಿರುಗಿಸಿ. ಮೇಲಿಂದ ನೋಡಿದಾಗ ಇದರ ರೋಟರ್ ಗಡಿಯಾರದಂತೆ ಸುತ್ತತ್ತೆ, ಆದ್ದರಿಂದ ಅಡ್ವಾನ್ಸ್ ಬೇಕಾದ್ರೆ ಬಾಡಿಯನ್ನ ಉಲ್ಟಾ ದಿಕ್ಕಿಗೆ. ಬೋಲ್ಟ್ ಬಿಗಿ ಮಾಡಿ ಮತ್ತೊಮ್ಮೆ ಲೈಟ್ ಹಿಡೀರಿ, ಬಿಗಿಯುವಾಗ ಒಂದೆರಡು ಡಿಗ್ರಿ ಸರಿಯೋದು ಮಾಮೂಲು. ಆಮೇಲೆ ವ್ಯಾಕ್ಯೂಮ್ ಪೈಪ್ ವಾಪಸ್ ಹಾಕಿ. ‘ರೇಸ್ ಕಾರಿಗೆ ಅದು ಬೇಡ’ ಅನ್ನೋ ಮಾತನ್ನ ರಸ್ತೆ ಕಾರಿಗೆ ಅನ್ವಯಿಸಬೇಡಿ. ಹಗುರ ಲೋಡ್‌ನಲ್ಲಿ ಮಿಶ್ರಣ ನಿಧಾನ ಉರಿಯತ್ತೆ, ಆಗ ಇನ್ನೂ ಹತ್ತು ಡಿಗ್ರಿ ಸೇರಿಸೋದು ಅದೇ. ಪೆಟ್ರೋಲ್ ಉಳಿಯತ್ತೆ.

ಇಲ್ಲಿನ ಕೇಳುಗರಿಗೆ ಒಂದು ಎಚ್ಚರಿಕೆ. ಅಮೆರಿಕದ ವಿಡಿಯೋದಲ್ಲಿ ‘91 ಆಕ್ಟೇನ್ ಸಾಕು’ ಅಂದ್ರೆ ನಮ್ಮ ಬಂಕಿನ 91 ಅಲ್ಲ. ಅವರ ಲೆಕ್ಕದ ಪದ್ಧತಿ ಬೇರೆ, ಅವರ 91 ನಮ್ಮ ಲೆಕ್ಕದಲ್ಲಿ ಹೆಚ್ಚುಕಮ್ಮಿ 95-96. ಹೈ ಕಂಪ್ರೆಷನ್ ಎಂಜಿನ್‌ನಲ್ಲಿ ಈ ಅಂತರ ದೊಡ್ಡದು.

ಕೊನೆಗೆ ರಸ್ತೆಗೆ ತಗೊಂಡು ಹೋಗಿ. ಏರು ದಾರಿಯಲ್ಲಿ, ಟಾಪ್ ಗೇರ್‌ನಲ್ಲಿ, ಕಿಟಕಿ ಇಳಿಸಿ ಆಕ್ಸಿಲರೇಟರ್ ಒತ್ತಿ. ತಗಡಿನ ಡಬ್ಬಿಯಲ್ಲಿ ಕಲ್ಲು ಕುಲುಕಿದಂಥ ಸದ್ದು ಬಂದ್ರೆ ತಕ್ಷಣ ಕಾಲು ತೆಗೆದು, ಎರಡು ಡಿಗ್ರಿ ಹಿಂದಕ್ಕೆ ತಂದು ಮತ್ತೆ ನೋಡಿ. ಸೈಲೆನ್ಸರ್ ಜೋರಾಗಿದ್ರೆ ಆ ಸದ್ದು ಕೇಳಿಸೋದೇ ಇಲ್ಲ. ಅಂಥ ಕಾರಿಗೆ 34ರಿಂದಲೇ ಶುರು ಮಾಡಿ.