ಹಂಡೆ ತೊಳೆಯುವ ಕಾಲ

ಋತುಗಳಲ್ಲಿ ಶರತ್ತಿಗೆ ನಮ್ಮ ಕವಿಗಳು ಸಲ್ಲಿಸಿರುವ ಗೌರವ ಸಣ್ಣದಲ್ಲ. ತಿಳಿಯಾದ ಕೊಳ, ನೀರನ್ನೆಲ್ಲ ಚೆಲ್ಲಿ ಹಗುರಾದ ಬೆಳ್ಮುಗಿಲು, ಮರಳಿ ಬರುವ ಹಂಸಗಳು - ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ಋತುವರ್ಣನೆಗೆ ಸ್ಥಾನವಿದ್ದುದರಿಂದ ಮಹಾಕಾವ್ಯ ಬರೆದವರಾರೂ ಈ ಸಂಭ್ರಮವನ್ನು ಬಿಟ್ಟುಕೊಡಲಿಲ್ಲ. ಆದರೆ ಗೃಹಸ್ಥನಾದವನಿಗೆ ಶರತ್ತು ವರ್ಣನೆಯ ವಸ್ತು ಮಾತ್ರವಲ್ಲ. ಅದು ಸಿದ್ಧತೆಯ ಕಾಲ. ಮಳೆಗಾಲ ಮನೆಗೆ ಮಾಡಿಹೋದುದನ್ನು ಸರಿಪಡಿಸಿ, ಬರಲಿರುವ ಚಳಿಗೆ ಮನೆಯನ್ನು ಅಣಿಗೊಳಿಸುವ ಎರಡು ತಿಂಗಳು ಅವು.

ಶೀತದೇಶಗಳಲ್ಲಿ ಈ ಸಿದ್ಧತೆಯ ಸ್ವರೂಪವೇ ಬೇರೆ. ಅಲ್ಲಿ ಕೋಣೆಯ ಗಾಳಿಯನ್ನೇ ಬೆಚ್ಚಗಿಡಬೇಕು. ಆದ್ದರಿಂದ ಕಿಟಕಿಬಾಗಿಲುಗಳ ಸಂದುಗಳನ್ನು ಮುಚ್ಚುವುದು, ಅಟ್ಟಕ್ಕೆ ಶಾಖ ತಡೆಯುವ ಹೊದಿಕೆ ಹಾಸುವುದು, ಹೊಗೆಗೂಡನ್ನು ಗುಡಿಸುವುದು ಅಲ್ಲಿಯ ಶರತ್ಕಾಲದ ಕೆಲಸಗಳು. ನಮ್ಮ ಮೈಸೂರು, ಬೆಂಗಳೂರು, ಶಿವಮೊಗ್ಗಗಳಲ್ಲಿ ಕೋಣೆಯನ್ನು ಕಾಯಿಸುವವರು ಯಾರೂ ಇಲ್ಲ. ಒಂದು ಕಂಬಳಿ ಸಾಕು. ಹಾಗಾದರೆ ನಮ್ಮ ಮನೆಗಳಲ್ಲಿ ಚಳಿಗಾಲದ ಶಕ್ತಿ ವ್ಯಯವಾಗುವುದೆಲ್ಲಿ? ಒಂದೇ ಮಾತಿನಲ್ಲಿ ಹೇಳುವುದಾದರೆ, ಬಚ್ಚಲಿನಲ್ಲಿ.

ನಾನು ಕನ್ನಡದ ಮೇಷ್ಟ್ರು, ಎಂಜಿನಿಯರನಲ್ಲ. ಆದರೂ ಈ ಲೆಕ್ಕ ಪ್ರೌಢಶಾಲೆಯ ವಿದ್ಯಾರ್ಥಿಯೂ ಮಾಡಬಹುದಾದದ್ದು. ಚಳಿಗಾಲದ ಬೆಳಿಗ್ಗೆ 20 ಡಿಗ್ರಿಯಲ್ಲಿರುವ 20 ಲೀಟರು ನೀರನ್ನು, ಅಂದರೆ ಒಂದು ಬಕೆಟ್ಟನ್ನು, 45 ಡಿಗ್ರಿಗೆ ಏರಿಸಲು ಅರ್ಧ ಯೂನಿಟ್ಟಿಗಿಂತ ತುಸು ಹೆಚ್ಚು ವಿದ್ಯುತ್ತು ಬೇಕು. ಅಷ್ಟೇ ವಿದ್ಯುತ್ತಿನಿಂದ 9 ವಾಟಿನ ಎಲ್‌ಇಡಿ ದೀಪವೊಂದನ್ನು 60 ಗಂಟೆಗೂ ಮಿಗಿಲಾಗಿ ಉರಿಸಬಹುದು. ನಾಲ್ವರಿರುವ ಮನೆಯಲ್ಲಿ ತಲೆಗೊಂದು ಬಕೆಟ್ ಎಂದರೂ ತಿಂಗಳಿಗೆ ಸುಮಾರು 70 ಯೂನಿಟ್ ಸ್ನಾನಕ್ಕೇ ಸಲ್ಲುತ್ತದೆ. ಮಕ್ಕಳು ದೀಪವಾರಿಸದೆ ಹೊರಟರೆ ಗದರುವ ನಾವು, ಬೆಳಗಿನಿಂದ ಬಿಸಿಯಾಗಿಯೇ ಕುಳಿತಿರುವ ಗೀಸರಿನ ಕೆಂಪು ಕಣ್ಣನ್ನು ನೋಡಿಯೂ ನೋಡದಂತಿರುತ್ತೇವೆ.

ಹಿಂದಿನವರು ಬಚ್ಚಲನ್ನು ಇಷ್ಟು ಉಪೇಕ್ಷಿಸಿರಲಿಲ್ಲ. ಅದಕ್ಕೆಂದೇ ಒಂದು ಹಬ್ಬವಿತ್ತು. ಆಶ್ವಯುಜ ಬಹುಳ ತ್ರಯೋದಶಿಯ ಸಂಜೆ, ಅಂದರೆ ನರಕ ಚತುರ್ದಶಿಯ ಹಿಂದಿನ ದಿನ, ನೀರು ತುಂಬುವ ಹಬ್ಬ. ಬಚ್ಚಲುಮನೆಯನ್ನು ಉಜ್ಜಿ ತೊಳೆದು, ತಾಮ್ರದ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ, ಒಲೆಯ ಬೂದಿ ತೆಗೆದು ಸಾರಿಸಿ, ಕೆಮ್ಮಣ್ಣು ಸುಣ್ಣಗಳಿಂದ ಚಿತ್ತಾರ ಬರೆದು, ಮಲೆನಾಡಿನ ಕಡೆ ಹಂಡೆಯ ಕೊರಳಿಗೆ ಹಿಂಡಲಕಾಯಿ ಬಳ್ಳಿ ಸುತ್ತಿ, ಹೊಸನೀರು ತುಂಬಿ ಪೂಜಿಸುತ್ತಿದ್ದರು. ಮರುದಿನ ಬೆಳಕು ಹರಿಯುವ ಮೊದಲೇ ಎಣ್ಣೆಸ್ನಾನ. ಮನೆಯ ಮೂಲೆಯಲ್ಲಿ ವರ್ಷವಿಡೀ ಹೊಗೆ ಕುಡಿದುಕೊಂಡು ಬಿದ್ದಿರುವ ಒಂದು ಪಾತ್ರೆಗೆ ದೇವರ ಮನೆಯ ಮರ್ಯಾದೆ ಸಿಗುವ ದಿನ ಅದೊಂದೇ.

ಈ ಆಚರಣೆ ಶಕ್ತಿಯ ಉಳಿತಾಯಕ್ಕಾಗಿಯೇ ಹುಟ್ಟಿತು ಎಂದು ನಾನು ವಾದಿಸುವುದಿಲ್ಲ. ಹಬ್ಬಗಳಿಗೆಲ್ಲ ವಿಜ್ಞಾನದ ಅಂಗಿ ತೊಡಿಸುವ ಉತ್ಸಾಹ ನನಗೆ ಹಿಡಿಸದು. ಆದರೆ ಅದರ ಫಲವನ್ನು ಗಮನಿಸಿ. ಹಂಡೆಯ ತಳಕ್ಕೆ ಅಂಟಿದ ಮಸಿ ಶಾಖವನ್ನು ಸುಲಭವಾಗಿ ಒಳಗೆ ಬಿಡದು. ಒಳಮೈಗೆ ಕಟ್ಟಿದ ಗಡಸುನೀರಿನ ಸುಣ್ಣದ ಪದರವೂ ಹಾಗೆಯೇ. ಬೂದಿ ತುಂಬಿದ ಒಲೆಗೆ ಗಾಳಿ ಸಾಲದು. ಮಳೆಗಾಲದ ತೇವ ಕುಡಿದ ಸೌದೆ ತನ್ನ ಉರಿಯ ಒಂದಂಶವನ್ನು ತನ್ನೊಳಗಿನ ನೀರನ್ನು ಹೊಗೆಯಾಡಿಸಲೆಂದೇ ಸುಡುತ್ತದೆ. ಚಳಿ ಏರುವ ಮುನ್ನ ವರ್ಷಕ್ಕೊಮ್ಮೆ ಇವೆಲ್ಲವನ್ನೂ ಕಣ್ಣಿಟ್ಟು ನೋಡುವ ಕಟ್ಟಳೆ ಇತ್ತೆನ್ನುವುದೇ ಮುಖ್ಯ. ಸಂಕಟ ಬಂದಾಗ ವೆಂಕಟರಮಣ ಎನ್ನುವ ಜನಕ್ಕೆ ಪಂಚಾಂಗವೇ ಎಚ್ಚರಿಕೆಯ ಗಂಟೆಯಾಗಿತ್ತು.

ಹಾಗೆಂದು ಹಳೆಯ ಒಲೆಯನ್ನು ಹಾಡಿ ಹೊಗಳಬೇಕಾಗಿಲ್ಲ. ಅದರ ಶಾಖದ ಬಹುಪಾಲು ಗೋಡೆಗೂ ಗಾಳಿಗೂ ಹೋಗುತ್ತಿತ್ತು. ಹೊಗೆ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಹೋಗುತ್ತಿತ್ತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ಕುಮಾರ ರೆಡ್ಡಿಯವರ ಪ್ರಯತ್ನದಿಂದ ಆರಂಭವಾದ ‘ಅಸ್ತ್ರ’ ಎಂಬ ಕೇಂದ್ರ, ಕುಣಿಗಲ್ ತಾಲ್ಲೂಕಿನ ಪುರ ಮೊದಲಾದ ಹಳ್ಳಿಗಳಲ್ಲಿ ಶಕ್ತಿ ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ ಎಂದು ಮನೆಮನೆಯ ಲೆಕ್ಕ ತೆಗೆಯಿತು. ಸೌದೆಯೇ ಹಳ್ಳಿಯ ಮುಖ್ಯ ಇಂಧನವೆಂಬುದು ಅಂಕಿಗಳಲ್ಲಿ ಸ್ಪಷ್ಟವಾಯಿತು. ಅಲ್ಲಿ ರೂಪುಗೊಂಡ ‘ಅಸ್ತ್ರ ಒಲೆ’ ಕಡಿಮೆ ಸೌದೆಯಲ್ಲಿ ಹೆಚ್ಚು ಶಾಖ ಕೊಟ್ಟು, ಹೊಗೆಯನ್ನು ಕೊಳವೆಯ ಮೂಲಕ ಮನೆಯಿಂದಾಚೆ ಕಳುಹಿಸಿತು. ಸಂಪ್ರದಾಯವನ್ನು ತುಚ್ಛೀಕರಿಸದೆ ತಿದ್ದುವ ಬಗೆ ಇದು.

ಈಗ ಪೇಟೆಯ ಮನೆಗಳಿಂದ ಹಂಡೆ ಹೋಗಿದೆ. ಹಂಡೆಯೊಡನೆ ಆ ವಾರ್ಷಿಕ ತಪಾಸಣೆಯೂ ಹೋಯಿತು. ತಾರಸಿಯ ಮೇಲೆ ಸೌರ ಜಲತಾಪಕ ಬಂದಿದೆ. ನಮ್ಮ ರಾಜ್ಯದಲ್ಲಿ 2007ರಿಂದೀಚೆಗೆ ಹಲವು ಬಗೆಯ ಹೊಸ ಕಟ್ಟಡಗಳಿಗೆ ಅದು ಕಡ್ಡಾಯವೂ ಹೌದು. ಆದರೆ ಕೂರಿಸಿದ ದಿನ ಕಂಡವರು ಅದನ್ನು ಮತ್ತೆ ಕಾಣುವುದು ತಣ್ಣೀರು ಬಂದ ದಿನ. ಮಳೆಗಾಲ ಮುಗಿದೊಡನೆ ತಾರಸಿಗೆ ಒಮ್ಮೆ ಹತ್ತಿ ನೋಡಿ. ಗಾಜಿನ ಮೇಲೆ ಧೂಳು, ಪಾಚಿ, ಹಕ್ಕಿಗಳ ಹಿಕ್ಕೆ ಕಟ್ಟಿರುತ್ತವೆ. ಬಿಸಿಲು ಏರುವ ಮೊದಲು ಒದ್ದೆ ಬಟ್ಟೆಯಿಂದ ಒರೆಸಿದರೆ ಆಯಿತು. ಕೊಳವೆಬಾವಿಯ ಗಡಸುನೀರಾದರೆ ಒಳಗೆ ಸುಣ್ಣ ಕಟ್ಟಿರುತ್ತದೆ; ಬಲ್ಲವರಿಂದ ತೆಗೆಸಬೇಕು. ಬಿಸಿನೀರಿನ ಕೊಳವೆಯ ಹೊದಿಕೆ ಬಿಸಿಲಿಗೆ ಹರಿದಿದ್ದರೆ ಹೊಸದು ಸುತ್ತಿಸಬೇಕು. ತಾರಸಿಯಿಂದ ಬಚ್ಚಲಿಗೆ 15 ಮೀಟರು ಉದ್ದದ ಅರ್ಧ ಅಂಗುಲದ ಕೊಳವೆಯಿದ್ದರೆ, ಅದರೊಳಗೆ ಸುಮಾರು ಎರಡು ಲೀಟರು ನೀರು ರಾತ್ರಿಯೆಲ್ಲ ತಣ್ಣಗಾಗಿ ನಿಂತಿರುತ್ತದೆ. ಅದನ್ನು ಚೆಲ್ಲದೆ ಬಕೆಟ್ಟಿಗೆ ಹಿಡಿಯುವುದು ವಿವೇಕ.

ಇನ್ನೊಂದು ಸೂಕ್ಷ್ಮವಿದೆ. ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ವಿಷುವವನ್ನು ದಾಟಿದ ಸೂರ್ಯ ದಕ್ಷಿಣಕ್ಕೆ ಸರಿಯುತ್ತಾನೆ. ಬೆಂಗಳೂರಿನಲ್ಲಿ ಜೂನ್ ತಿಂಗಳ ನಡುಹಗಲಿನಲ್ಲಿ ನೆರಳು ದಕ್ಷಿಣಕ್ಕೆ ಬಿದ್ದರೆ, ಡಿಸೆಂಬರಿನಲ್ಲಿ ಉತ್ತರಕ್ಕೆ ಬೀಳುತ್ತದೆ. 20 ಅಡಿಯ ಗೋಡೆಗೆ ಸುಮಾರು 15 ಅಡಿ ನೆರಳು. ಬೇಸಗೆಯಲ್ಲಿ ನಿರುಪದ್ರವಿಯಾಗಿದ್ದ ದಕ್ಷಿಣದ ತೆಂಗಿನಮರವೋ ನೆರೆಮನೆಯ ಹೊಸ ಅಂತಸ್ತೋ ಚಳಿಗಾಲದಲ್ಲಿ ನಮ್ಮ ಬಿಸಿನೀರಿಗೆ ಅಡ್ಡ ನಿಲ್ಲುವುದು ಹೀಗೆ. ಸೂರ್ಯಫಲಕವನ್ನು ದಕ್ಷಿಣಾಭಿಮುಖವಾಗಿ ಓರೆಯಾಗಿ ನಿಲ್ಲಿಸುವುದರ ಅರ್ಥವೂ ಇದೇ.

ಗೀಸರನ್ನೇ ನೆಚ್ಚಿದವರು ಸ್ನಾನಕ್ಕೆ ಸ್ವಲ್ಪ ಮೊದಲು ಹಾಕಿ, ನೀರು ಕಾದೊಡನೆ ಆರಿಸಬೇಕು. ತೊಟ್ಟಿಯ ಗೀಸರುಗಳಿಗೆ ಹಚ್ಚುವ ನಕ್ಷತ್ರಗಳ ಚೀಟಿ ಅಳೆಯುವುದು, ಬಿಸಿನೀರು ಸುಮ್ಮನೆ ನಿಂತಿದ್ದಾಗ ಸೋರಿಹೋಗುವ ಶಾಖವನ್ನು. ಸುಮ್ಮನೆ ನಿಲ್ಲಿಸದಿರುವುದು ಎಲ್ಲ ನಕ್ಷತ್ರಗಳಿಗಿಂತ ಮಿಗಿಲು.

ಇದೆಲ್ಲ ನಾಲ್ಕು ಕಾಸಿನ ಮಾತಾಯಿತಲ್ಲ ಎನ್ನಬಹುದು. ಕಾಸಿನ ಮಾತು ಮಾತ್ರ ಅಲ್ಲ. ಬೆಳಗಿನ ಹೊತ್ತು ಊರಿಗೆ ಊರೇ ಗೀಸರು ಹಾಕಿದಾಗ ಬೇಡಿಕೆ ಒಮ್ಮೆಗೇ ಏರುತ್ತದೆ. ಆ ಏರಿಕೆಗೆ ಎಲ್ಲೋ ಕಲ್ಲಿದ್ದಲು ಉರಿಯಬೇಕು, ಎಲ್ಲೋ ನೀರು ಧುಮುಕಬೇಕು. 1960ರ ದಶಕದಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಏಳುವಾಗ ಶರಾವತಿಯ ದಡದ ಎಷ್ಟೋ ಮನೆಗಳು, ಗದ್ದೆ ತೋಟಗಳು ಮುಳುಗಿದವು. ನಾ. ಡಿಸೋಜರ ‘ದ್ವೀಪ’ವನ್ನು ಓದಿದವರಿಗೆ, ಮುಳುಗಡೆಯ ನೀರು ಸುತ್ತ ಏರುತ್ತಿರಲು ಮನೆ ಬಿಡಲಾರದೆ ಉಳಿದವರ ಪಾಡು ಮರೆಯದು. ಆ ಕಾದಂಬರಿಯನ್ನು ಓದಿ ಮರುಗಿದ ನಾವೇ ಅದೇ ಬಗೆಯ ವಿದ್ಯುತ್ತನ್ನು ಬಚ್ಚಲಿನಲ್ಲಿ ಬರಿದೆ ಕಾಯಲು ಬಿಟ್ಟರೆ, ನಮ್ಮ ಓದು ಪುಸ್ತಕದ ರಟ್ಟಿನೊಳಗೇ ಉಳಿದಂತಾಯಿತು.

ನೀರು ತುಂಬುವ ಹಬ್ಬ ಪಂಚಾಂಗದಲ್ಲಿ ಇನ್ನೂ ಇದೆ. ಹಂಡೆಯಿಲ್ಲದ ಮನೆಯಲ್ಲಿ ಅದು ಮಾಡಲು ಏನೂ ಇಲ್ಲದ ಹಬ್ಬವಾಗಬೇಕಾಗಿಲ್ಲ. ಆ ಸಂಜೆ ತಾರಸಿಯ ಗಾಜನ್ನು ಒರೆಸಿ, ಕೊಳವೆಯ ಹೊದಿಕೆಯನ್ನು ಮುಟ್ಟಿ ನೋಡಿ, ತೊಟ್ಟಿಕ್ಕುವ ನಲ್ಲಿಯ ವಾಷರನ್ನು ಬದಲಿಸಿದರೆ ಸಾಕು. ಮರುದಿನದ ಎಣ್ಣೆಸ್ನಾನಕ್ಕೆ ನೀರು ಸೂರ್ಯನ ಕೃಪೆಯಿಂದಲೇ ಕಾದಿರುತ್ತದೆ.