ನಿಮಗಿದು ಗೊತ್ತೆ? ಒಂದು ನಟ್ಟಿಗೆ ಎರಡು ಸೇತುವೆಗಳ ಭಾರ

ಎಂಜಿನಿಯರಿಂಗ್ ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ‘ಫ್ರೀ ಬಾಡಿ ಡಯಾಗ್ರಾಂ’ ಬಿಡಿಸುವುದನ್ನು ಕಲಿಸುತ್ತಾರೆ. ಒಂದು ವಸ್ತುವನ್ನು ಉಳಿದೆಲ್ಲದರಿಂದ ಬೇರ್ಪಡಿಸಿ, ಅದರ ಮೇಲಿನ ಬಲಗಳನ್ನೆಲ್ಲ ಬಾಣಗಳಲ್ಲಿ ತೋರಿಸುವ ಚಿತ್ರ ಅದು. ಅದನ್ನು ಕಡೆಗಣಿಸಿದರೆ ಏನಾದೀತು ಎಂಬುದಕ್ಕೆ ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲಿನ ದುರಂತವೇ ಸಾಕ್ಷಿ.

ಹೋಟೆಲಿನ ಒಳಾಂಗಣದಲ್ಲಿ ನಾಲ್ಕನೇ ಮಹಡಿಯ ಮಟ್ಟದಲ್ಲೊಂದು ಕಾಲುಸೇತುವೆ, ಅದರ ನೇರ ಕೆಳಗೆ ಎರಡನೇ ಮಹಡಿಯದು. ಎರಡೂ ಚಾವಣಿಯಿಂದ ಉಕ್ಕಿನ ಸರಳುಗಳಲ್ಲಿ ತೂಗುತ್ತಿದ್ದವು. ಮೂಲ ನಕ್ಷೆಯಲ್ಲಿ ಎರಡನ್ನೂ ಹಾದುಹೋಗುವ ಉದ್ದನೆಯ ಒಂದೇ ಸರಳು ಇತ್ತು. ಆಮೇಲೆ ಅದನ್ನು ಎರಡಾಗಿ ಮಾಡಿ, ಕೆಳಗಿನ ಸೇತುವೆಯನ್ನು ಮೇಲಿನದರ ತೊಲೆಗೇ ತೂಗುಹಾಕಿದರು. ಇಬ್ಬರು ಒಂದೇ ಹಗ್ಗ ಹಿಡಿದು ಜೋತರೆ ಅವರವರ ಕೈಗೆ ಅವರವರ ಭಾರ. ಕೆಳಗಿನವನು ಮೇಲಿನವನ ಕಾಲು ಹಿಡಿದರೆ ಮೇಲಿನವನ ಕೈಗೆ ಇಬ್ಬರ ಭಾರ. ಹಗ್ಗದ ಮೇಲಿನ ಒಟ್ಟು ಭಾರ ಮಾತ್ರ ಅಷ್ಟೇ! ಹೀಗೆ, ಆ ಕೈಯಂತೆ ಮೇಲಿನ ತೊಲೆಯನ್ನು ಅಡಿಯಿಂದ ಸರಳಿಗೆ ಹಿಡಿದಿದ್ದ ನಟ್ಟಿನ ಮೇಲಿನ ಬಲ ಇಮ್ಮಡಿಯಾಯಿತು.

1981ರ ಜುಲೈ 17ರ ಸಂಜೆ ನೃತ್ಯಕೂಟಕ್ಕೆ ಜನ ಕಿಕ್ಕಿರಿದಿದ್ದಾಗ ತೊಲೆ ಬಾಯ್ಬಿಟ್ಟು ನಟ್ಟಿನಿಂದ ಕಳಚಿತು. ಎರಡೂ ಸೇತುವೆಗಳು ಕುಸಿದವು. 114 ಮಂದಿ ಸತ್ತರು, 200ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಮೂಲ ನಕ್ಷೆಯ ಜೋಡಣೆ ಕೂಡ ಕಟ್ಟಡ ನಿಯಮ ಬಯಸುವ ಭಾರದ ಶೇ. 60ರಷ್ಟನ್ನು ಮಾತ್ರ ತಾಳುತ್ತಿತ್ತು ಎಂದು ತನಿಖೆ ಹೇಳಿತು.

ವಿದ್ಯಾರ್ಥಿಗಳೇ, ಜೋಡಣೆ ಎಳ್ಳಷ್ಟು ಬದಲಾದರೂ ಚಿತ್ರವನ್ನು ಹೊಸದಾಗಿಯೇ ಬಿಡಿಸಿ.